ಅರ್ಧ ಖಾಲಿ ಇದ್ದ ಸ್ಟೋರೇಜ್ 'ಜಾಗ ಇಲ್ಲ' ಎಂದಿದ್ದೇಕೆ: ತುಮಕೂರಿನ ಒಂದು ಕ್ಲಸ್ಟರ್‌ನ ಪ್ರಕರಣ ಅಧ್ಯಯನ

ರಾತ್ರಿ 2 ಗಂಟೆ ದಾಟಿತ್ತು. ಪಿಎಚ್‌ಡಿ ಮಾಡುತ್ತಿರುವ ಹುಡುಗ ಫೋನ್ ಮಾಡಿದ. "ಸರ್, ರನ್ ನಿಂತುಹೋಯ್ತು. ಡಿಸ್ಕ್‌ನಲ್ಲಿ ಜಾಗ ಇಲ್ಲ ಅಂತ ಬರ್ತಿದೆ. ಆದ್ರೆ ನಾನು ನೋಡಿದೆ ಸರ್, ಜಾಗ ಇದೆ." ಮೂರು ದಿನದಿಂದ ಓಡುತ್ತಿದ್ದ ಲೆಕ್ಕ ಅದು. ಅವನ ದನಿಯಲ್ಲಿ ಅಳು ಇತ್ತು.

ಮನೆಯಿಂದಲೇ ಲಾಗಿನ್ ಆಗಿ ನೋಡಿದೆ. ಹುಡುಗ ಹೇಳಿದ್ದು ನಿಜ. ಒಟ್ಟು 176 ಟಿಬಿಯಲ್ಲಿ ಶೇ 56ರಷ್ಟು ಮಾತ್ರ ತುಂಬಿತ್ತು. 77 ಟಿಬಿ ಖಾಲಿ ಬಿದ್ದಿತ್ತು. ಲಾಗ್‌ನ ಕೊನೆಯ ಸಾಲು ಮಾತ್ರ 'ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್' ಎನ್ನುತ್ತಿತ್ತು.

ಇದು ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ನಡೆದದ್ದು. ಅಲ್ಲಿನ ಕ್ಲಸ್ಟರ್, ಅಂದರೆ ಒಟ್ಟಿಗೆ ಲೆಕ್ಕ ಮಾಡುವ ಕಂಪ್ಯೂಟರ್‌ಗಳ ಗುಂಪನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮುಖ್ಯವಾಗಿ ಎರಡು ತಂಡ ಅದನ್ನು ಬಳಸುತ್ತವೆ. ಒಂದು ತಂಡದ್ದು ಹವಾಮಾನದ ಲೆಕ್ಕ. ಪಾವಗಡದಲ್ಲಿ 2050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆಯಲ್ಲ, ತಿರುಮಣಿ, ವಳ್ಳೂರು ಕಡೆಯ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ. ಅಲ್ಲಿ ಮೋಡ ಯಾವಾಗ ಕವಿಯುತ್ತದೆ, ಬಿಸಿಲು ಎಷ್ಟು ಬೀಳುತ್ತದೆ ಎಂದು ಮುಂಚೆಯೇ ಲೆಕ್ಕ ಹಾಕುವ ಕೆಲಸ. ಅದಕ್ಕೆ ಡಬ್ಲ್ಯೂಆರ್‌ಎಫ್ ಎಂಬ ಹವಾಮಾನ ಮಾದರಿ ಓಡಿಸುತ್ತಾರೆ. ಇನ್ನೊಂದು ತಂಡ ಜಿಲ್ಲೆಯ ಕೆರೆಗಳನ್ನು ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಗುರುತಿಸುತ್ತದೆ. ಮೊದಲನೆಯವರ ಫೈಲ್‌ಗಳು ಕೆಲವೇ, ಒಂದೊಂದೂ ಭಾರಿ. ಎರಡನೆಯವರದ್ದು ಲಕ್ಷಗಟ್ಟಲೆ, ಒಂದೊಂದೂ ಚಿಕ್ಕದು. ಈ ವ್ಯತ್ಯಾಸ ಮುಂದೆ ನನ್ನನ್ನು ಚೆನ್ನಾಗಿ ಆಟ ಆಡಿಸಿತು.

ಎಲ್ಲರ ಫೈಲ್‌ಗಳೂ ಇರುವುದು ಲಸ್ಟರ್ ಎಂಬ ಪ್ಯಾರಲಲ್ ಫೈಲ್ ಸಿಸ್ಟಮ್‌ನಲ್ಲಿ, ಅಂದರೆ ಹಲವು ಸರ್ವರ್‌ಗಳ ಡಿಸ್ಕ್‌ಗಳನ್ನು ಒಂದೇ ಡಿಸ್ಕ್‌ನಂತೆ ತೋರಿಸುವ ವ್ಯವಸ್ಥೆಯಲ್ಲಿ. ಲಿನಕ್ಸ್ ಮತ್ತು ಕ್ಲಸ್ಟರ್ ಎಂಬ ಎರಡು ಪದ ಸೇರಿ ಆದ ಹೆಸರು. 1999ರಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ಪೀಟರ್ ಬ್ರಾಮ್ ಶುರು ಮಾಡಿದ ಕೆಲಸ. ಇವತ್ತು ಜಗತ್ತಿನ ಅನೇಕ ದೊಡ್ಡ ಸೂಪರ್ ಕಂಪ್ಯೂಟರ್‌ಗಳಲ್ಲಿ ಇದೇ ಇದೆ. ನಮ್ಮದು ಪುಟ್ಟದು. ಎರಡು ಸ್ಟೋರೇಜ್ ಸರ್ವರ್, ಒಂದೊಂದರಲ್ಲಿ ನಾಲ್ಕು ಓಎಸ್‌ಟಿ, ಒಟ್ಟು ಎಂಟು. ಓಎಸ್‌ಟಿ ಎಂದರೆ ಡಿಸ್ಕ್‌ಗಳ ಒಂದು ಗುಂಪು. ನಮ್ಮಲ್ಲಿ ಒಂದೊಂದೂ 22 ಟಿಬಿ. ಇವಲ್ಲದೆ ಎಂಡಿಎಸ್ ಎಂಬ ಬೇರೆ ಸರ್ವರ್ ಇದೆ. ಯಾವ ಫೈಲ್‌ನ ಯಾವ ತುಂಡು ಯಾವ ಓಎಸ್‌ಟಿಯಲ್ಲಿದೆ ಎಂಬ ಲೆಕ್ಕ ಅದರ ಬಳಿ ಇರುತ್ತದೆ. ಮಂಡಿಯ ಗುಮಾಸ್ತನ ಹಾಗೆ. ಮೂಟೆ ಅವನ ಹತ್ತಿರ ಇರುವುದಿಲ್ಲ, ಯಾವ ಗೋಡೌನ್‌ನಲ್ಲಿದೆ ಎಂದು ಅವನಿಗೆ ಗೊತ್ತಿರುತ್ತದೆ.

ತುಂಬಿದ್ದು ಒಂದೇ

ಮೊದಲು ಹುಡುಗನಿಗೆ ಕೊಟ್ಟ ಜಾಗದ ಮಿತಿ, ಅಂದರೆ ಕೋಟಾ, ಮುಗಿದಿರಬಹುದು ಅಂದುಕೊಂಡೆ. ಮುಗಿದಿರಲಿಲ್ಲ. ಐನೋಡ್ (ಪ್ರತಿ ಫೈಲ್‌ಗೂ ಬೇಕಾದ ದಾಖಲೆಯ ಜಾಗ) ಮುಗಿದಿರಬಹುದು ಅಂದುಕೊಂಡೆ. ಅದೂ ಬೇಕಾದಷ್ಟು ಇತ್ತು. ಆಮೇಲೆ ಲಸ್ಟರ್‌ನ ಸ್ವಂತ ಡಿಎಫ್ ಓಡಿಸಿದೆ, ಡಿಸ್ಕ್ ಎಷ್ಟು ತುಂಬಿದೆ ಎಂದು ತೋರಿಸುವ ಆದೇಶ ಅದು. ಮಾಮೂಲಿ ಡಿಎಫ್ ಒಟ್ಟು ಮೊತ್ತ ಮಾತ್ರ ಹೇಳುತ್ತದೆ. ಲಸ್ಟರ್‌ನದು ಓಎಸ್‌ಟಿ ಲೆಕ್ಕದಲ್ಲಿ ಸಾಲು ಸಾಲಾಗಿ ತೋರಿಸುತ್ತದೆ. ಏಳು ಸಾಲುಗಳಲ್ಲಿ ಶೇ 50ರ ಆಸುಪಾಸು. ಒಂದೇ ಒಂದು ಸಾಲಿನಲ್ಲಿ ಶೇ 100. ಅದು 3ನೇ ನಂಬರಿನ ಓಎಸ್‌ಟಿ.

ನಮ್ಮದು ತಿಪಟೂರು ಕಡೆಯ ಮನೆ. ಉಂಡೆ ಕೊಬ್ಬರಿ ಮಾಡಲು ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿಡುತ್ತೇವೆ. ಕಾಯಿ ಏರಿಸುವಾಗ ಅಜ್ಜ ಕೆಳಗೆ ನಿಂತು ಕೂಗುತ್ತಿದ್ದರು, ಎಲ್ಲ ಅಂಕಣಕ್ಕೂ ಹರಡಿ ಅಂತ. ಏಣಿ ಹತ್ತಿರದ ಅಂಕಣಕ್ಕೇ ಸುರಿದರೆ ಅಲ್ಲಿನ ತೊಲೆ ಬಾಗುತ್ತದೆ. ಆಚೆ ಅಂಕಣ ಖಾಲಿ ಇದ್ದರೂ ಈ ತೊಲೆಗೆ ಅದರಿಂದ ಏನೂ ಉಪಯೋಗ ಇಲ್ಲ. ಆ ರಾತ್ರಿ ನನ್ನ ಪರದೆಯ ಮೇಲೆ ಇದ್ದದ್ದು ಅದೇ ಅಟ್ಟ.

3ನೇ ಓಎಸ್‌ಟಿಯಲ್ಲಿ ಏನೇನು ಭಾರಿ ಫೈಲ್ ಇದೆ ಎಂದು ಹುಡುಕಿದೆ. ಲಸ್ಟರ್‌ನ ಫೈಂಡ್‌ಗೆ ಓಎಸ್‌ಟಿ ನಂಬರ್ ಕೊಟ್ಟು ಹುಡುಕಬಹುದು, ಇಂಥ ಹೊತ್ತಿನಲ್ಲಿ ಅದು ದೊಡ್ಡ ಅನುಕೂಲ. ಸಿಕ್ಕಿದ್ದು ಒಂದು ಟಾರ್ ಫೈಲ್. 11 ಟಿಬಿ. ಹಳೆಯ ಎರಡು ವರ್ಷದ ಫಲಿತಾಂಶಗಳನ್ನೆಲ್ಲ ಒಂದೇ ಕಟ್ಟು ಮಾಡಿ ಬುಧವಾರ ಸಂಜೆ ಮುಗಿಸಿದ್ದರು. ಕಟ್ಟಿದ ಮೇಲೆ ಮೂಲ ಫೋಲ್ಡರ್‌ಗಳನ್ನು ಅಳಿಸಿದ್ದರು. ಅದರಲ್ಲಿ ಯಾರ ತಪ್ಪೂ ಇಲ್ಲ. ಸ್ಟೋರೇಜ್ ಚೊಕ್ಕಟವಾಗಿಡಿ ಅಂತ ನಾನೇ ಎಲ್ಲರಿಗೂ ಮೇಲ್ ಹಾಕಿದ್ದೆ.

ಆ ಫೈಲ್‌ನ ಹಂಚಿಕೆ ನೋಡಿದೆ. ಸ್ಟ್ರೈಪ್ ಸಂಖ್ಯೆ 1. ಅಂದರೆ 11 ಟಿಬಿಯೂ ಒಂದೇ ಓಎಸ್‌ಟಿಯ ಮೇಲೆ.

ಲಸ್ಟರ್‌ನಲ್ಲಿ ನಾವು ಏನೂ ಹೇಳದಿದ್ದರೆ ಒಂದು ಫೈಲ್ ಒಂದೇ ಓಎಸ್‌ಟಿಗೆ ಹೋಗುತ್ತದೆ. ಸ್ಟ್ರೈಪ್ ಸಂಖ್ಯೆ 4 ಅಂತ ಹೇಳಿದರೆ ನಾಲ್ಕು ಓಎಸ್‌ಟಿಗೆ ಹರಡುತ್ತದೆ. ಮೊದಲ 1 ಎಂಬಿ ಒಂದರಲ್ಲಿ, ಮುಂದಿನ 1 ಎಂಬಿ ಎರಡನೆಯದರಲ್ಲಿ, ಹೀಗೆ ನಾಲ್ಕೂ ಆದ ಮೇಲೆ ಮತ್ತೆ ಮೊದಲನೆಯದಕ್ಕೆ. ಆ 1 ಎಂಬಿಗೆ ಸ್ಟ್ರೈಪ್ ಗಾತ್ರ ಎನ್ನುತ್ತಾರೆ, ಅದನ್ನೂ ಬದಲಿಸಬಹುದು.

ಹಾಗಾದರೆ ಇಷ್ಟು ವರ್ಷ ಹೇಗೆ ನಡೆಯಿತು? ಎಂಡಿಎಸ್ ಹೊಸ ಫೈಲ್‌ಗಳನ್ನು ಓಎಸ್‌ಟಿಗಳಿಗೆ ಸರದಿಯಂತೆ ಹಂಚುತ್ತದೆ. ಓಎಸ್‌ಟಿಗಳ ಖಾಲಿ ಜಾಗದಲ್ಲಿ ಶೇ 17ಕ್ಕಿಂತ ಜಾಸ್ತಿ ಅಂತರ ಕಂಡರೆ ಖಾಲಿ ಹೆಚ್ಚಿರುವ ಕಡೆಗೆ ಹೆಚ್ಚು ಫೈಲ್ ಕಳಿಸುತ್ತದೆ. ಫೈಲ್‌ಗಳು ಹೆಚ್ಚು ಕಡಿಮೆ ಒಂದೇ ಅಳತೆಯವಾದರೆ ಇಷ್ಟು ಸಾಕು. ಆದರೆ ಫೈಲ್ ಹುಟ್ಟುವಾಗ ಅದು ಎಷ್ಟು ದೊಡ್ಡದಾಗುತ್ತದೆ ಎಂದು ಎಂಡಿಎಸ್‌ಗೆ ಗೊತ್ತಿರುವುದಿಲ್ಲ. 11 ಟಿಬಿ ಆಗಲಿರುವ ಫೈಲೂ 11 ಕೆಬಿಯ ಫೈಲೂ ಹುಟ್ಟುವಾಗ ಒಂದೇ ಥರ, ಎರಡೂ ಸೊನ್ನೆ. ಒಮ್ಮೆ ಜಾಗ ನಿಗದಿಯಾದರೆ ಫೈಲ್ ಅಲ್ಲೇ ಬೆಳೆಯಬೇಕು. ಪಕ್ಕದ ಓಎಸ್‌ಟಿ ಖಾಲಿ ಇದೆ ಅಂತ ಅದು ತಾನಾಗಿ ಅತ್ತ ಹೋಗುವುದಿಲ್ಲ.

ಹುಡುಗನ ಫೈಲ್‌ಗೆ ಆದದ್ದೂ ಇದೇ. ಅವನ ರನ್ ಶುರುವಾಗಿದ್ದು ಮಂಗಳವಾರ, ಆಗ 3ರಲ್ಲಿ ಜಾಗ ಇತ್ತು. ಅವನ ಔಟ್‌ಪುಟ್ ಫೈಲ್‌ಗಳಲ್ಲಿ ಕೆಲವು ಅಲ್ಲಿ ಹುಟ್ಟಿದವು. ಅವು ಬೆಳೆಯುತ್ತಿರುವಾಗಲೇ ಟಾರ್ ಬಂದು ಕೂತಿತು.

ಮೊದಲ ಮದ್ದು

ಬೆಳಗಾಗುವುದರೊಳಗೆ ಎರಡು ಕೆಲಸ ಮಾಡಿದೆ. ಎಂಡಿಎಸ್‌ನಲ್ಲಿ 3ನೇ ಓಎಸ್‌ಟಿಗೆ 'ಮ್ಯಾಕ್ಸ್ ಕ್ರಿಯೇಟ್ ಕೌಂಟ್' ಎಂಬ ಮೌಲ್ಯವನ್ನು 0 ಮಾಡಿದೆ. ಹೀಗೆ ಮಾಡಿದರೆ ಹೊಸ ಫೈಲ್ ಅಲ್ಲಿ ಹುಟ್ಟುವುದಿಲ್ಲ. ಹಳೆಯ ಫೈಲ್ ಓದುವುದಕ್ಕೆ, ಅಳಿಸುವುದಕ್ಕೆ ಏನೂ ತೊಂದರೆ ಇಲ್ಲ. ಆಮೇಲೆ ಟಾರ್ ಫೈಲ್‌ಗೆ ಮೈಗ್ರೇಟ್ ಹಚ್ಚಿದೆ, ಉಳಿದ ಏಳು ಓಎಸ್‌ಟಿಗಳ ಮೇಲೆ ಹರಡುವಂತೆ.

ಮೈಗ್ರೇಟ್ ಬಗ್ಗೆ ಒಂದು ಮಾತು ಬಿಡಿಸಿ ಹೇಳಬೇಕು, ಅನೇಕರಿಗೆ ಇದರ ಭಯ ಇದೆ. ಅದು ಮೊದಲು ಹೊಸ ಹಂಚಿಕೆಯಲ್ಲಿ ಒಂದು ಮರೆಯಾದ ಫೈಲ್ ಮಾಡಿ ಅದಕ್ಕೆ ಎಲ್ಲವನ್ನೂ ನಕಲು ಮಾಡುತ್ತದೆ. ಪೂರ್ತಿ ಮುಗಿದ ಮೇಲೆ ಎರಡರ ಹಂಚಿಕೆಯನ್ನು ಅದಲು ಬದಲು ಮಾಡುತ್ತದೆ. ಅಲ್ಲಿಯವರೆಗೆ ಮೂಲ ಹಾಗೇ ಇರುತ್ತದೆ. ಮಧ್ಯೆ ಕರೆಂಟ್ ಹೋದರೂ ಮೂಲಕ್ಕೆ ಏನೂ ಆಗುವುದಿಲ್ಲ, ಆ ಮರೆಯ ಫೈಲ್ ಮಾತ್ರ ಹೋಗುತ್ತದೆ. ಬೆಲೆ ಏನೆಂದರೆ, ಮುಗಿಯುವವರೆಗೆ ಎರಡರಷ್ಟು ಜಾಗ ಬೇಕು. ನಮಗೆ ಏಳು ಕಡೆ 11 ಟಿಬಿಯಂತೆ ಖಾಲಿ ಇತ್ತು, ಸಾಕಾಯಿತು. ಇಡೀ ಸ್ಟೋರೇಜ್ ಶೇ 90 ತುಂಬಿದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಯೋಚಿಸಿದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆರು ಗಂಟೆಗೂ ಮೇಲೆ ಹಿಡಿಯಿತು. ಬರೆಯುವುದು ಏಳು ಕಡೆಗಾದರೂ ಓದುವುದು ಒಂದೇ ಕಡೆಯಿಂದ ಅಲ್ವಾ? ಒಂದು ಓಎಸ್‌ಟಿ ಎಷ್ಟು ವೇಗದಲ್ಲಿ ಕೊಡುತ್ತದೋ ಅಷ್ಟೇ. ನಮ್ಮದು ಸೆಕೆಂಡಿಗೆ 500 ಎಂಬಿ ಆಸುಪಾಸು. ಎಂಟು ಓಎಸ್‌ಟಿ ಇಟ್ಟುಕೊಂಡು ಒಂದರ ವೇಗಕ್ಕೆ ಕಾಯುತ್ತಾ ಕೂರುವುದು ಹೇಗಿರುತ್ತದೆ ಎಂದು ಆ ಬೆಳಗ್ಗೆ ಚೆನ್ನಾಗಿ ಗೊತ್ತಾಯಿತು. ಮಧ್ಯಾಹ್ನಕ್ಕೆ 3ನೇ ಓಎಸ್‌ಟಿ ಶೇ 50ಕ್ಕೆ ಇಳಿಯಿತು. ಹುಡುಗನ ರನ್ ಅನ್ನು, ನಡುನಡುವೆ ಉಳಿಸಿಡುವ ರಿಸ್ಟಾರ್ಟ್ ಫೈಲ್‌ನಿಂದ ಮತ್ತೆ ಶುರು ಮಾಡಿದೆವು. ಒಂದು ದಿನದ ಲೆಕ್ಕ ಹೋಗಿತ್ತು, ಉಳಿದದ್ದು ಉಳಿಯಿತು.

ನನ್ನ ತಪ್ಪು

ಸೋಮವಾರ ನಾನು ಮಾಡಿದ್ದು ಆತುರದ ಕೆಲಸ. ಇನ್ನು ಮೇಲೆ ಹೀಗಾಗಲೇಬಾರದು ಅಂತ ಫೈಲ್ ಸಿಸ್ಟಮ್‌ನ ಬೇರಿನಲ್ಲೇ, ಅಂದರೆ ಎಲ್ಲಕ್ಕೂ ಮೇಲಿನ ಫೋಲ್ಡರ್‌ನಲ್ಲೇ, ಸ್ಟ್ರೈಪ್ ಸಂಖ್ಯೆ ಮೈನಸ್ 1 ಎಂದು ಇಟ್ಟುಬಿಟ್ಟೆ. ಮೈನಸ್ 1 ಎಂದರೆ ಇರುವ ಎಲ್ಲ ಓಎಸ್‌ಟಿಗೂ ಹರಡು ಅಂತ. ಹೊಸದಾಗಿ ಹುಟ್ಟುವ ಪ್ರತಿ ಫೈಲೂ ಎಂಟು ಕಡೆಗೆ. ಸಮಸ್ಯೆ ಮುಗಿಯಿತು ಎಂದೇ ನಂಬಿದ್ದೆ.

ಮುಂದಿನ ವಾರ ಕೆರೆ ತಂಡದ ಹುಡುಗಿ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ರೂಮಿಗೆ ಬಂದಳು. "ಸರ್, ಇದನ್ನ ಸ್ವಲ್ಪ ನೋಡಿ." ಚಿತ್ರಗಳ ಫೋಲ್ಡರ್‌ಗೆ ಹೋಗಿ, ಫೈಲ್‌ಗಳನ್ನು ಗಾತ್ರದ ಸಮೇತ ಪಟ್ಟಿ ಮಾಡುವ ಎಲ್‌ಎಸ್ ಮೈನಸ್ ಎಲ್ ಒತ್ತಿದಳು. ಕರ್ಸರ್ ಮಿಣಮಿಣ ಎನ್ನುತ್ತಾ ನಿಂತಿತು. ಇಬ್ಬರೂ ನೋಡುತ್ತಾ ಕೂತೆವು. ನಾನು ನೆಟ್‌ವರ್ಕ್ ತೊಂದರೆ ಇರಬಹುದಮ್ಮಾ ಅಂದೆ. ಅವಳು ಇನ್ನೊಂದು ಕಿಟಕಿ ತೆಗೆದಳು. "ಇಲ್ಲ ಸರ್. ಹೋದ ತಿಂಗಳು ಮಾಡಿದ ಫೋಲ್ಡರ್ ಚೆನ್ನಾಗಿದೆ. ಈ ವಾರ ಮಾಡಿದ್ದು ಮಾತ್ರ ಹೀಗೆ." ಹಳೆಯದರಲ್ಲಿ ಅದೇ ಆದೇಶ ಕೊಟ್ಟಳು. ಪಟ್ಟಿ ಸರಸರ ಬಂತು.

ಹಳೆಯದು, ಹೊಸದು ಎಂದ ಕೂಡಲೇ ನನಗೆ ಹೊಳೆಯಿತು. ಅವಳ ಹೊಸ ಫೋಲ್ಡರ್‌ನಿಂದ ಯಾವುದೋ ಒಂದು ಚಿತ್ರ ಆರಿಸಿ ಅದರ ಹಂಚಿಕೆ ಕೇಳಿದೆ. 200 ಕೆಬಿಯ ಫೈಲ್. ಅದಕ್ಕೆ ಎಂಟು ಸಾಲು ಬಂತು, ಎಂಟು ಓಎಸ್‌ಟಿಯಲ್ಲಿ ಎಂಟು ತುಂಡು. ಸ್ಟ್ರೈಪ್ ಗಾತ್ರ 1 ಎಂಬಿ ಇರುವಾಗ 200 ಕೆಬಿ ಪೂರ್ತಿ ಮೊದಲ ತುಂಡಿನಲ್ಲೇ ಕೂರುತ್ತದೆ. ಉಳಿದ ಏಳು ತುಂಡು ಸುಮ್ನೆ ಖಾಲಿ ಹುಟ್ಟಿದ್ದವು.

ಆ ಫೋಲ್ಡರ್‌ನಲ್ಲಿ ಸುಮಾರು 4 ಲಕ್ಷ ಚಿತ್ರ. ಎಂಟರಂತೆ 32 ಲಕ್ಷ ತುಂಡು. ಅದರಲ್ಲಿ 28 ಲಕ್ಷ ಖಾಲಿ. ಖಾಲಿ ಆದರೂ ಒಂದೊಂದೂ ಓಎಸ್‌ಟಿಯಲ್ಲಿ ಒಂದು ಐನೋಡ್ ತಿನ್ನುತ್ತದೆ. ಫೈಲ್‌ನ ಗಾತ್ರ ಎಷ್ಟು ಎಂದು ಎಂಡಿಎಸ್ ಒಂದನ್ನೇ ಕೇಳಿದರೆ ಸಾಲದು, ತುಂಡು ಇರುವ ಓಎಸ್‌ಟಿಗಳನ್ನೆಲ್ಲ ಕೇಳಬೇಕು. ಎಲ್‌ಎಸ್ ಮೈನಸ್ ಎಲ್ ಮಾಡುವುದು ಅದನ್ನೇ. ಮೊದಲು ಒಂದು ಚಿತ್ರಕ್ಕೆ ಒಂದು ಕಡೆ ಕೇಳುತ್ತಿದ್ದದ್ದು ಈಗ ಎಂಟು ಕಡೆ. ಚಿತ್ರ ಅಳಿಸುವಾಗಲೂ ಎಂಟು ಕಡೆ ಕೆಲಸ.

ಇನ್ನೊಂದು ಅಪಾಯವೂ ಇತ್ತು, ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ಸ್ಟ್ರೈಪ್ 1 ಇದ್ದಾಗ ಒಂದು ಓಎಸ್‌ಟಿ ಕೆಟ್ಟರೆ ಎಂಟರಲ್ಲಿ ಒಂದು ಪಾಲು ಫೈಲ್‌ಗೆ ತೊಂದರೆ. ಎಲ್ಲವೂ ಎಂಟಕ್ಕೆ ಹರಡಿದ್ದರೆ ಒಂದು ಕೆಟ್ಟರೂ ದೊಡ್ಡ ಫೈಲ್‌ಗಳೆಲ್ಲ ತೂತು ಬೀಳುತ್ತವೆ.

ಆ ಹುಡುಗಿಯ ಒಂದು ವಾರದ ಕೆಲಸ ನಿಧಾನವಾದದ್ದು ನನ್ನಿಂದ. ಅದನ್ನು ಅವಳಿಗೆ ಹೇಳಿದೆ. ಅವಳ ಗೈಡ್ ಮೇಡಂಗೂ ಹೇಳಿದೆ.

ಬೆಳೆದಂತೆ ಹರಡುವ ಹಂಚಿಕೆ

ಒಂದೇ ಸಂಖ್ಯೆ ಇಬ್ಬರಿಗೂ ಹೊಂದುವುದಿಲ್ಲ. ಒಂದು ದಾರಿ, ಪ್ರತಿ ತಂಡದ ಫೋಲ್ಡರ್‌ಗೂ ಬೇರೆ ಬೇರೆ ಸಂಖ್ಯೆ ಇಡುವುದು. ಅದು ಕೆಲಸ ಮಾಡುತ್ತದೆ. ಆದರೆ ಹವಾಮಾನ ತಂಡದ ಫೋಲ್ಡರ್‌ನಲ್ಲೂ ಸಾವಿರಾರು ಚಿಕ್ಕ ಲಾಗ್ ಫೈಲ್ ಇವೆ, ಕೆರೆ ತಂಡದಲ್ಲೂ ಒಂದು ದಿನ ಯಾರೋ ದೊಡ್ಡ ಟಾರ್ ಕಟ್ಟುತ್ತಾರೆ. ಬಳಸುವವರು ಪ್ರತಿ ಸಲ ನೆನಪಿಟ್ಟುಕೊಂಡು ಸ್ಟ್ರೈಪ್ ಹಾಕಲಿ ಎಂದು ಕಾಯುವುದು ನನಗೆ ಸರಿ ಕಾಣಲಿಲ್ಲ. ಅವರು ಬಂದಿರುವುದು ಮೋಡದ ಲೆಕ್ಕಕ್ಕೆ, ಕೆರೆಯ ಲೆಕ್ಕಕ್ಕೆ.

2017ರಲ್ಲಿ ಬಂದ ಲಸ್ಟರ್ 2.10ರಿಂದ ಪಿಎಫ್‌ಎಲ್ ಎಂಬ ಸೌಲಭ್ಯ ಇದೆ. ಪ್ರೋಗ್ರೆಸಿವ್ ಫೈಲ್ ಲೇಔಟ್. ನಮ್ಮ ಸರ್ವರ್‌ಗಳಲ್ಲಿ ಇದ್ದದ್ದು 2.12, ಹಾಗಾಗಿ ಹೊಸದೇನೂ ಹಾಕಬೇಕಿರಲಿಲ್ಲ. ಇದರಲ್ಲಿ ಫೈಲ್‌ನ ಉದ್ದವನ್ನು ಭಾಗ ಮಾಡಿ ಒಂದೊಂದು ಭಾಗಕ್ಕೆ ಒಂದೊಂದು ಸ್ಟ್ರೈಪ್ ಹೇಳಬಹುದು. ನಾವು ಇಟ್ಟದ್ದು ಹೀಗೆ: ಮೊದಲ 256 ಎಂಬಿ ಒಂದೇ ಓಎಸ್‌ಟಿಯಲ್ಲಿ, ಅಲ್ಲಿಂದ 16 ಜಿಬಿವರೆಗೆ ನಾಲ್ಕರಲ್ಲಿ, ಅದರಾಚೆ ಎಷ್ಟೇ ಬೆಳೆದರೂ ಎಂಟರಲ್ಲಿ. ಕೊನೆಯ ಭಾಗಕ್ಕೆ ಸ್ಟ್ರೈಪ್ ಗಾತ್ರ 4 ಎಂಬಿ.

ಇದರ ಚೆಂದ ಎಲ್ಲಿದೆ ಅಂದರೆ, ಫೈಲ್ ಅಷ್ಟು ಉದ್ದಕ್ಕೆ ಬರುವವರೆಗೆ ಮುಂದಿನ ಭಾಗದ ತುಂಡುಗಳು ಹುಟ್ಟುವುದೇ ಇಲ್ಲ. 200 ಕೆಬಿಯ ಕೆರೆ ಚಿತ್ರಕ್ಕೆ ಒಂದೇ ತುಂಡು. 11 ಟಿಬಿಯ ಟಾರ್ ಆದರೆ ಮೊದಲು ಒಂದರಲ್ಲಿ, ಸ್ವಲ್ಪ ಹೊತ್ತಿಗೆ ನಾಲ್ಕರಲ್ಲಿ, ಆಮೇಲೆ ಎಂಟರಲ್ಲಿ. ಮುಂದಿನ ಭಾಗ ಯಾವ ಓಎಸ್‌ಟಿಗೆ ಹೋಗಬೇಕು ಎಂಬುದು ಆ ಹೊತ್ತಿನ ಖಾಲಿ ಜಾಗ ನೋಡಿ ನಿರ್ಧಾರ ಆಗುತ್ತದೆ. ಹುಟ್ಟುವಾಗಲೇ ಫೈಲ್‌ನ ಭವಿಷ್ಯ ಊಹಿಸಬೇಕಾದ ಕಷ್ಟ ಎಂಡಿಎಸ್‌ಗೆ ಇಲ್ಲ.

ಚಿಕ್ಕ ಫೈಲ್‌ಗಳನ್ನು ಎಂಡಿಎಸ್‌ನ ಡಿಸ್ಕ್‌ನಲ್ಲೇ ಇಡುವ ಸೌಲಭ್ಯ 2.11ರಿಂದ ಇದೆ. ಅದನ್ನು ಬಳಸೋಣ ಎಂದು ಮೇಡಂ ಕೇಳಿದರು. ನಾನು ಬೇಡ ಅಂದೆ. ನಮ್ಮ ಎಂಡಿಎಸ್‌ನಲ್ಲಿ ಇರುವುದು ಚಿಕ್ಕ ಎಸ್‌ಎಸ್‌ಡಿ. ಅದು ತುಂಬಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಅದಕ್ಕಿಂತ ಚಿತ್ರಗಳನ್ನು, ಒಂದೇ ಫೈಲ್‌ನಲ್ಲಿ ಅನೇಕ ಚಿತ್ರ ಹಿಡಿಸುವ ಎಚ್‌ಡಿಎಫ್5 ಫೈಲ್‌ಗಳಲ್ಲಿ ಕಟ್ಟಿಡುವುದು ಒಳ್ಳೆಯದು ಎಂದು ಒಪ್ಪಿಸಿದೆ. ಸ್ಟ್ರೈಪ್ ಎಷ್ಟೇ ಚೆನ್ನಾಗಿ ಹೊಂದಿಸಿದರೂ 4 ಲಕ್ಷ ಸಲ ಫೈಲ್ ತೆಗೆದು ಮುಚ್ಚುವ ಹೊರೆ ಹಾಗೇ ಇರುತ್ತದೆ.

ಹಳೆಯ ಫೈಲ್‌ಗಳು

ಬೇರಿನಲ್ಲಿ ಹಂಚಿಕೆ ಬದಲಿಸಿದರೆ ಅದು ಹೊಸ ಫೈಲ್‌ಗೆ ಮಾತ್ರ. ಇದನ್ನು ಎಲ್ಲರಿಗೂ ಹೇಳಿದ್ದೆ. ಆದರೂ ಒಬ್ಬರು ತಮ್ಮ ಹಳೆಯ ಫೈಲ್‌ಗಳನ್ನೆಲ್ಲ ಹೊಸ ಫೋಲ್ಡರ್‌ಗೆ ಎಂವಿ (ಸ್ಥಳ ಬದಲಿಸುವ ಆದೇಶ) ಮಾಡಿ, ಈಗ ಸರಿಯಾಯಿತು ಎಂದು ನಿಶ್ಚಿಂತೆಯಿಂದ ಇದ್ದರು. ಒಂದೇ ಫೈಲ್ ಸಿಸ್ಟಮ್ ಒಳಗೆ ಎಂವಿ ಮಾಡಿದರೆ ಬದಲಾಗುವುದು ವಿಳಾಸ ಅಷ್ಟೇ. ಡೇಟಾ ಇದ್ದಲ್ಲೇ ಇರುತ್ತದೆ. ನಕಲು ಮಾಡಬೇಕು, ಇಲ್ಲವೇ ಮೈಗ್ರೇಟ್ ಮಾಡಬೇಕು.

ಹಳೆಯದನ್ನೆಲ್ಲ ಮೈಗ್ರೇಟ್ ಮಾಡಲಿಲ್ಲ. 50 ಜಿಬಿಗಿಂತ ದೊಡ್ಡದು, ಸ್ಟ್ರೈಪ್ 1 ಇರುವುದು, ತಿಂಗಳಿಂದ ಯಾರೂ ಬದಲಿಸದಿರುವುದು, ಇಷ್ಟನ್ನು ಪಟ್ಟಿ ಮಾಡಿ ಮೊದಲು ಎಲ್ಲರಿಗೂ ಕಳಿಸಿದೆ. ಬೇಡದ್ದನ್ನು ಅವರೇ ಅಳಿಸಿದರು. ಉಳಿದದ್ದನ್ನು ರಾತ್ರಿ 10ರ ಮೇಲೆ ಒಂದೊಂದಾಗಿ ಓಡಿಸಿದೆ. ಕೆರೆ ತಂಡದ ಎಂಟು ತುಂಡಿನ ಫೋಲ್ಡರ್ ಒಂದನ್ನು ಮಾತ್ರ ಮೊದಲ ದಿನವೇ ಸರಿ ಮಾಡಿಕೊಟ್ಟೆ.

ಇದಕ್ಕೂ ಮೊದಲು, ಕೆರೆ ತಂಡದ ಆ ಚಿತ್ರಗಳು ಹುಟ್ಟುವ ಮುಂಚೆ, ಒಂದು ಮರೆವೂ ಆಗಿತ್ತು. 3ನೇ ಓಎಸ್‌ಟಿಯ ಆ 0 ಹಾಗೇ ಉಳಿದಿತ್ತು. ಒಂಬತ್ತು ದಿನ ಆದ ಮೇಲೆ, ಉಳಿದವೆಲ್ಲ ಏರುತ್ತಿವೆ, ಇದು ಮಾತ್ರ ಯಾಕೆ ಏರುತ್ತಿಲ್ಲ ಎಂದು ನೋಡಿದಾಗ ನೆನಪಾಯಿತು. ಮಾಮೂಲಿ ಮೌಲ್ಯ 20000ಕ್ಕೆ ಹಿಂದಿರುಗಿಸಿದೆ. ಈಗ ಇಂಥದ್ದು ಏನೇ ಬದಲಿಸಿದರೂ ಸರ್ವರ್ ರೂಮಿನ ಬೋರ್ಡ್ ಮೇಲೆ ತಾರೀಖು ಹಾಕಿ ಬರೆಯುತ್ತೇನೆ.

ವೇಗದ ವಿಷಯ

ಹವಾಮಾನ ತಂಡಕ್ಕೆ ಇನ್ನೊಂದು ಆಸೆ ಇತ್ತು. ಎಂಟು ಕಡೆ ಹರಡಿದ ಮೇಲೆ ಬರೆಯುವುದು ಎಂಟು ಪಟ್ಟು ವೇಗ ಆಗಬೇಕಲ್ಲ ಎಂದು. ಆಗಲಿಲ್ಲ. ಕಾರಣ ಫೈಲ್ ಸಿಸ್ಟಮ್‌ನಲ್ಲಿ ಇರಲಿಲ್ಲ. ಅವರ ಡಬ್ಲ್ಯೂಆರ್‌ಎಫ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ವಿಧಾನ 2 ಇತ್ತು. ಅದರಲ್ಲಿ ಲೆಕ್ಕವನ್ನು ಹಂಚಿಕೊಂಡು ಓಡುವ ಎಲ್ಲ ಪ್ರೋಸೆಸ್‌ಗಳೂ ತಮ್ಮ ಪಾಲನ್ನು ಒಂದೇ ಪ್ರೋಸೆಸ್‌ಗೆ ಕಳಿಸುತ್ತವೆ, ಅದೊಂದೇ ಕೂತು ಬರೆಯುತ್ತದೆ. ಅಟ್ಟಕ್ಕೆ ಎಂಟು ಅಂಕಣ ಇದ್ದರೂ ಏಣಿ ಹತ್ತುವವನು ಒಬ್ಬನೇ. ಒಟ್ಟಿಗೆ ಬರೆಯಲು ನೆರವಾಗುವ ಪಿನೆಟ್‌ಸಿಡಿಎಫ್ ಎಂಬ ಲೈಬ್ರರಿ ಜೊತೆ ಮತ್ತೆ ಕಂಪೈಲ್ ಮಾಡಿ ವಿಧಾನ 11 ಹಾಕಿದ ಮೇಲೆ ಹಲವು ಪ್ರೋಸೆಸ್ ಒಟ್ಟಿಗೆ ಬರೆಯತೊಡಗಿದವು.

ಆಗಲೂ ಕೆಲವು ಫೈಲ್ ಸ್ಟ್ರೈಪ್ 1ರಲ್ಲೇ ಹುಟ್ಟುತ್ತಿದ್ದವು. ಅರ್ಧ ದಿನ ಹುಡುಕಿದೆವು. ಹುಡುಗನ ಹಳೆಯ ಸ್ಕ್ರಿಪ್ಟ್‌ನಲ್ಲಿ ಎಂಪಿಐ-ಐಒಗೆ (ಹಲವು ಪ್ರೋಸೆಸ್ ಒಂದೇ ಫೈಲ್‌ಗೆ ಬರೆಯುವ ವ್ಯವಸ್ಥೆ) ಕೊಡುವ ಸೂಚನೆಗಳ ನಡುವೆ 'ಸ್ಟ್ರೈಪಿಂಗ್ ಫ್ಯಾಕ್ಟರ್' 1 ಎಂಬ ಸಾಲು ಇತ್ತು. ಎಂದೋ ಯಾರದ್ದೋ ಸ್ಕ್ರಿಪ್ಟ್‌ನಿಂದ ಬಂದದ್ದು. ಪ್ರೋಗ್ರಾಂ ತಾನೇ ಸಂಖ್ಯೆ ಹೇಳಿದರೆ ಫೋಲ್ಡರ್‌ನ ಹಂಚಿಕೆ ಲೆಕ್ಕಕ್ಕೆ ಬರುವುದಿಲ್ಲ. ಆ ಸಾಲು ತೆಗೆದೆವು.

ಅದೇ ರನ್ ಅನ್ನು ಹುಡುಗ ಹೊಸ ಹಂಚಿಕೆಯಲ್ಲಿ ಮೊದಲಿನಿಂದ ಓಡಿಸಿದ. ಮುಗಿದ ಬೆಳಗ್ಗೆ ಇಬ್ಬರೂ ಓಎಸ್‌ಟಿಗಳ ಪಟ್ಟಿ ನೋಡಿದೆವು. ಹೆಚ್ಚು ತುಂಬಿದ್ದು ಶೇ 63, ಕಡಿಮೆ ತುಂಬಿದ್ದು ಶೇ 58. ಆ 11 ಟಿಬಿಯ ಟಾರ್ ಮಾತ್ರ ಇನ್ನೂ ಏಳು ಓಎಸ್‌ಟಿಗಳ ಮೇಲೆಯೇ ಇದೆ. ಅದನ್ನು ಮತ್ತೆ ಮುಟ್ಟಲಿಲ್ಲ.